ಎಳನೀರಿನಲ್ಲಿ ಮಿಂದ ದುರ್ಗೆ

ಕೆಂಕೆರೆಯ ನಮ್ಮ ಮನೆಗೆ ಇನ್ನೂ ಅಟ್ಟವಿದ್ದ ಕಾಲವದು. ಅಟ್ಟದ ತುಂಬ ತೆಂಗಿನಕಾಯಿ. ಒಳಗಿನ ನೀರು ಇಂಗಿ, ಅಲುಗಿಸಿದರೆ ಕೊಬ್ಬರಿ ಗುಡುಗುಡು ಎನ್ನುವವರೆಗೆ, ವರ್ಷದ ಹತ್ತಿರ, ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಕೆಳಗೆ ಪಡಸಾಲೆಯಲ್ಲಿ ಮಲಗಿದರೆ ಸಿಹಿಯೂ ಅಲ್ಲದ, ಕಮಟೂ ಅಲ್ಲದ ಒಂದು ವಾಸನೆ. ನನ್ನ ಬಾಲ್ಯದಲ್ಲಿ ನಾನು ಪೂರ್ತಿ ನಂಬುವುದು ಆ ವಾಸನೆಯೊಂದನ್ನೇ. ಉಳಿದದ್ದನ್ನು ದಿನಚರಿಯಲ್ಲಿ ಬರೆಯುವಾಗ ಪಕ್ಕದಲ್ಲೊಂದು ಪ್ರಶ್ನೆಯ ಗುರುತು ಹಾಕಿಕೊಳ್ಳುತ್ತೇನೆ. ಬಂಗಾಳದವರು ಬಂದ ವಾರಕ್ಕಂತೂ ಮೂರು ಹಾಕಿದ್ದೇನೆ.

ನನಗಾಗ ಒಂಬತ್ತೋ ಹತ್ತೋ. ಸಂಕ್ರಾಂತಿ ಕಳೆದಿತ್ತು. ಮುಖವಾಡ ಕಟ್ಟಿ ಕುಣಿಯುವ ಬಂಗಾಳದ ಛೌ ತಂಡವೊಂದು ನಮ್ಮ ಶಾಲೆಯಲ್ಲಿ ಬಂದಿಳಿಯಿತು. ಗ್ರಾಮದೇವತೆಯ ಮುಂದೆ ಮರದ ಮುಖ ಕಟ್ಟಿ ಕುಣಿಯುವ ನಮ್ಮ ಕಡೆಯ ಸೋಮನ ಕುಣಿತವನ್ನು ಅವರು ನೋಡುವುದು, ಅವರದನ್ನು ನಾವು ನೋಡುವುದು, ಕೊನೆಯ ದಿನ ಎರಡನ್ನೂ ಒಂದೇ ಬಯಲಿನಲ್ಲಿ ಆಡುವುದು. ಏರ್ಪಾಡು ಶಾಲೆಯ ಮೇಷ್ಟ್ರದು. ತಂಡದವರಿಗೆ ಕನ್ನಡ ಬಾರದು, ನಮಗೆ ಬಂಗಾಳಿ ಬಾರದು. ನಡುವೆ ಮೇಷ್ಟ್ರ ಹರಕು ಹಿಂದಿ.

ತಂಡದಲ್ಲಿ ದುರ್ಗೆಯಾಗುವವನು ನಿಮಾಯ್ ದಾದಾ; ದಾದಾ ಎಂದರೆ ಅವರಲ್ಲಿ ಅಣ್ಣ. ಐವತ್ತರ ಆಸುಪಾಸಿನ, ಎಲುಬು ಎಣಿಸಬಹುದಾದಷ್ಟು ಬಡಕಲು ಮನುಷ್ಯ. ಮೊದಲ ದಿನ ನಮ್ಮ ಮನೆಯಲ್ಲಿ ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತ ಕೂತಿದ್ದ. ನಮ್ಮೂರಲ್ಲಿ ಸೋಮ ಕಟ್ಟುತ್ತಿದ್ದ ಸಿದ್ದಪ್ಪಜ್ಜ ನೋಡಲಾರದೆ, "ಅಗೀಬ್ಯಾಡ ಕಣಪ್ಪ, ನುಂಗು! ಹಿಂಗೆ ಅಗೀತಾ ಕೂತ್ರೆ ಊರಿಗೆ ಯಾವಾಗ ಹೋಗ್ತೀಯ?" ಎಂದು ತಾನೇ ಒಂದು ತುತ್ತು ಸಾರಿಗದ್ದಿ ನುಂಗಿ ತೋರಿಸಿದ. ದಾದಾ ನುಂಗಿದ, ಕಣ್ಣಲ್ಲಿ ನೀರು ಬಂತು, ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಬೆಳಗ್ಗೆ ಅವರು ಶಾಲೆಯ ಬಯಲಿನಲ್ಲಿ ಗಾಳಿಗೆ ಹಾರಿ, ಗಿರಕಿ ಹೊಡೆದು, ಮಂಡಿಯ ಮೇಲೆ ಇಳಿಯುತ್ತಿದ್ದರು. ನನ್ನ ಅಣ್ಣ ಮಂಜಣ್ಣನೂ ನಾನೂ ತೋಟದ ತೆಂಗಿನನಾರಿನ ರಾಶಿಗೆ ಹಾಗೇ ಹಾರಿ ಮೂತಿ ತರಚಿಕೊಂಡೆವು.

ಶಾಲೆಯಲ್ಲಿ ಇಲಿಗಳ ಕಾಟವೆಂದು ಮುಖವಾಡಗಳನ್ನು ನಮ್ಮ ಪಡಸಾಲೆಯಲ್ಲಿಟ್ಟಿದ್ದರು. ದುರ್ಗೆಯ ಮುಖ ನೋಡಿದ ಮೊದಲ ಸಲ ನಾನು ಹಿಂದೆ ಸರಿದಿದ್ದೆ. ಹೊಳೆಯುವ ಹಳದಿ ಮೈ, ಕಿವಿಯವರೆಗೆ ಎಳೆದ ಕಣ್ಣು, ಮಣಿ ಪೋಣಿಸಿದ ಕಿರೀಟ. ಅದು ನನ್ನನ್ನಲ್ಲ, ನನ್ನ ಹಿಂದೆ ಇರುವ ಏನನ್ನೋ ನೋಡುತ್ತಿತ್ತು.

ಕೊನೆಯ ದಿನ ಬೆಳಗ್ಗೆ ಅಜ್ಜಿ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಮೂರು ಎಳನೀರು ಕೊಚ್ಚಿಸಿಕೊಂಡು ಬಂದಳು. ನಮ್ಮ ಸೋಮನ ಮುಖ ಮರದ್ದು; ಎಳನೀರಲ್ಲಿ ತೊಳೆದು, ಪೂಜೆ ಮಾಡಿಯೇ ಕಟ್ಟುವುದು. "ಮನೆಗೆ ಬಂದ ಅಮ್ಮನ್ನ ಬರೀ ಮುಖದಾಗೆ ಕಳ್ಸಕ್ಕಾಯ್ತದೇನೇ?" ಎಂದು ನನ್ನ ಕೈಲಿ ಚೊಂಬು ಕೊಟ್ಟಳು. ನಾನೇ ಹುಯ್ದೆ. ಮಂಜಣ್ಣ ಈಗಲೂ ಹುಯ್ದವನು ತಾನೆನ್ನುತ್ತಾನೆ.

ಅವರ ಮುಖವಾಡ ಕಾಗದ, ಬಟ್ಟೆ, ಮಣ್ಣಿನದೆಂದು ಯಾರಿಗೆ ಗೊತ್ತಿತ್ತು? ಎರಡನೆಯ ಎಳನೀರಿಗೆ ಕಣ್ಣಿನ ಕಪ್ಪು ಕೆನ್ನೆಗಿಳಿಯಿತು. ಅಜ್ಜಿ ಗಾಬರಿಯಾಗಿ ಸೆರಗಿನಿಂದ ಒರೆಸಿದಳು. ಸೆರಗಿನ ಜೊತೆ ಮೂಗು ಬಂತು.

"ಅಯ್ಯೋ, ಅಮ್ಮನ ಮುಖ ಕಿತ್ತುಬುಟ್ನಲ್ಲೋ ಶಿವನೇ."

ಸಂಜೆಗೆ ಆಟ. ಇನ್ನೊಂದು ದುರ್ಗೆ ಇರಲಿಲ್ಲ. ಅಜ್ಜಿ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕೂತುಬಿಟ್ಟಳು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತರು. "ಸೋಮನ ಮುಖನಾದ್ರೂ ಕೊಡಿ ಸಿದ್ದಪ್ಪ," ಅಂದರು. ಸಿದ್ದಪ್ಪಜ್ಜ ತಲೆ ಅಡ್ಡ ಆಡಿಸಿದ: "ಪ್ರಾಣ ಬೇಕಾರೆ ಕೇಳಿ ಮೇಷ್ಟ್ರೇ, ಕೊಡ್ತೀನಿ. ಸೋಮನ್ನ ಇನ್ನೊಬ್ರ ಮುಖಕ್ಕೆ ಕಟ್ಟಂಗಿಲ್ಲ ಕಣ್ರೀ."

ಆಗ ದಾದಾ ಬಂದ. ಪಡಸಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಗಿಲ್ಲದ ಮುಖವನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ನಾನು ಕಂಬ ಅಪ್ಪಿಕೊಂಡಿದ್ದೆ. ಅವನು ಬೆರಳಲ್ಲಿ ಎಳನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ಏನೋ ಹೇಳಿದ. ಮೇಷ್ಟ್ರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದರು.

"ಪುಟ್ಟಕ್ಕ, ಅವರ ಕಡೆ ಪೂಜೆ ಮುಗಿದ ಮೇಲೆ ದುರ್ಗೆನ ನೀರಿಗೇ ಬಿಡೋದಂತೆ. ಈ ಸಲ ಎಳನೀರಲ್ಲಿ ಹೋದ್ಲು, ಅಷ್ಟೇ ಅಂತಾರೆ."

ಅಜ್ಜಿ ತಿರುಗಲಿಲ್ಲ. "ಅದೆಲ್ಲ ಸರಿ. ಸಂಜೆ ಕುಣಿಯಕ್ಕೆ ಮುಖ?"

ದಾದಾನಿಗೆ ಅದು ಅರ್ಥವಾಯಿತೋ ಇಲ್ಲವೋ. ಒಳಗೆ ಹೋಗಿ ಅವಳ ಪಕ್ಕ ಕೂತು, ಕಣ್ಣು ಮುಚ್ಚಿ, ತನ್ನ ಮುಖವನ್ನೇ ಮುಂದೊಡ್ಡಿದ.

ಅಜ್ಜಿ ಅವನತ್ತ ತಿರುಗಿದಳು. ಆಮೇಲೆ ಅರಿಸಿನದ ಬಟ್ಟಲು ತರಲು ನನಗೆ ಸನ್ನೆ ಮಾಡಿದಳು. ಉಳಿದಿದ್ದ ಮೂರನೆಯ ಎಳನೀರಲ್ಲಿ ಕಲಸಿ, ಹಣೆಯಿಂದ ಗಲ್ಲದವರೆಗೆ ಬಳಿದಳು. ಕಾಡಿಗೆಯನ್ನು ಕಿವಿಯವರೆಗೆ ಎಳೆದಳು. ಒಂದು ಕಣ್ಣು ಸೊಟ್ಟಗಾಯಿತು. ಕೊನೆಗೆ ಹಣೆಯಗಲದ ಕುಂಕುಮವಿಟ್ಟು, ತಾನೇ ಬರೆದ ಆ ಮುಖಕ್ಕೆ ತಾನೇ ಕೈಮುಗಿದಳು.

ಹೊತ್ತು ಮುಳುಗುವ ಮುಂಚೆ ಆಟ ಶುರುವಾಯಿತು. ಮೊದಲು ಸೋಮ ಕುಣಿದ. ಆಮೇಲೆ ಅವರ ದೊಡ್ಡ ನಗಾರಿ ಸದ್ದಿಗೆ ನೆಲ ಅದುರಿತು. ದಾದಾ ಬಯಲಿಗೆ ಬಂದ. ಬಂದವನು ಮುದ್ದೆ ಅಗಿದ ಮನುಷ್ಯನಲ್ಲ. ಆ ಹಳದಿ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ, ರೆಪ್ಪೆ ಬಡಿಯಲಿಲ್ಲ. ಮಹಿಷನ ಸುತ್ತ ಮೂರು ಹೆಜ್ಜೆ. ನಾಲ್ಕನೆಯದಕ್ಕೆ ನೆಲದಲ್ಲಿರಲಿಲ್ಲ. ಎಷ್ಟೆತ್ತರ ಹಾರಿದ? ಹಿಂದಿನ ಸಾಲು ತೆಂಗಿನ ಗರಿಗಳ ನಡುವೆ ಅವನ ಮುಖ ಕಂಡಂತೆ ನನ್ನ ನೆನಪು. ಸಾಧ್ಯವಿಲ್ಲವೆಂದು ಗೊತ್ತು. ಈಚೆಗೆ ಮೊಬೈಲಿನಲ್ಲಿ ಅಂಥ ಕುಣಿತಗಳನ್ನು ಹುಡುಕಿ ನೋಡಿದ್ದೇನೆ. ಆಳೆತ್ತರಕ್ಕೂ ಯಾರೂ ಹಾರುವುದಿಲ್ಲ. ಆದರೆ ಪಕ್ಕದಲ್ಲಿದ್ದ ಅಜ್ಜಿ ಕತ್ತೆತ್ತಿ ಮೇಲೆ ನೋಡಿದ್ದು, ನನ್ನ ತೋಳು ನೋಯುವಷ್ಟು ಹಿಡಿದದ್ದು ಸುಳ್ಳಲ್ಲ.

"ಬಂದ್ಲು ಕಣೇ," ಅಂದಳು.

ಮಾರನೆಯ ಬೆಳಗ್ಗೆ ಅಜ್ಜಿಯೂ ದಾದಾನೂ ಆ ಮೂಗಿಲ್ಲದ ಮುಖವನ್ನು ಒಂದೊಂದು ಕಡೆ ಹಿಡಿದು ಕೆರೆಗೆ ಬಿಟ್ಟರು. ಹಾಗಾಗಿ ನನ್ನ ಬಳಿ ಸಾಕ್ಷಿಯಿಲ್ಲ. ಅಜ್ಜಿ ಹೋದಳು, ಸಿದ್ದಪ್ಪಜ್ಜ ಹೋದ. ಮನೆಗೆ ತಾರಸಿ ಬಂತು; ಅಟ್ಟವಿಲ್ಲ, ಆ ವಾಸನೆಯೂ ಇಲ್ಲ.

ಈಗ ಅಂಥದೊಂದು ಮುಖವಾಡವನ್ನು ಯಾರಾದರೂ ನಮ್ಮ ಮನೆಯಲ್ಲಿಟ್ಟರೆ ನಾನು ಏನು ಮಾಡುತ್ತೇನೆಂದು ಕೇಳಿಕೊಳ್ಳುತ್ತೇನೆ. ಫೋಟೊ ತೆಗೆಯುತ್ತೇನೆ, ಯಾವುದರಿಂದ ಮಾಡಿದ್ದೆಂದು ವಿಚಾರಿಸುತ್ತೇನೆ, ಮಕ್ಕಳಿಗೆ ಮುಟ್ಟಬೇಡಿ ಎನ್ನುತ್ತೇನೆ. ಎಳನೀರು ಹುಯ್ಯುವ ಯೋಚನೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಮುಖವಾಡವೇನೋ ಉಳಿಯುತ್ತದೆ.