ಸೊಟ್ಟ ಗೋಪುರದ ರಫ್ತು

ಮೊನ್ನೆ ಹುಬ್ಬಳ್ಳಿಯ ಮಾಲ್ ಒಂದರಲ್ಲಿ ಪುಕ್ಕಟೆ ತಂಪು ಗಾಳಿ ತೆಗೆದುಕೊಳ್ಳುತ್ತ ಅಡ್ಡಾಡುತ್ತಿದ್ದೆ. ಒಂದು ಅಂಗಡಿಯಲ್ಲಿ ಕಸೂತಿ ಹಾಕಿದ ದಿಂಬಿನ ಚೀಲ ಕಣ್ಣಿಗೆ ಬಿತ್ತು. ಅದಕ್ಕೊಂದು ಇಂಗ್ಲಿಷ್ ಚೀಟಿ: ಇದು ನ್ಯಾಯಯುತ ವ್ಯಾಪಾರದ ವಸ್ತು, ಇದರಲ್ಲಿ ಕಾಣುವ ಸಣ್ಣಪುಟ್ಟ ತಪ್ಪುಗಳೇ ಕೈಕೆಲಸಕ್ಕೆ ಸಾಕ್ಷಿ. ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯ ಹುಡುಗಿ ಹತ್ತಿರ ಬಂದು, "ಯಾಕ್ರೀ ಸರ್, ರೇಟ್ ನೋಡಿ ನಗಾಕತ್ತೀರೇನ್ರಿ?" ಎಂದಳು. ರೇಟು ನೋಡಿದ್ದರೆ ಅಳು ಬರುತ್ತಿತ್ತು. ನಾನು ನಕ್ಕಿದ್ದು ತಪ್ಪುಗಳನ್ನು ನೋಡಿ. ಏಕೆಂದರೆ ಆ ತಪ್ಪುಗಳ ಮೂಲಪುರುಷ ನಾನೇ.

ನಂಬುವುದಿಲ್ಲವೇ? ಹಾಗಾದರೆ ಕೇಳಿ. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಧಾರವಾಡದ ಲಕಮನಹಳ್ಳಿಯಲ್ಲಿದ್ದಾಳೆ. ಅವಳ ಕಸೂತಿ ನೋಡಿದವರು ಮೊದಲು ಮಾಡುವ ಕೆಲಸ ಬಟ್ಟೆಯನ್ನು ತಿರುವಿ ಹಾಕುವುದು. ಹಿಂದೆ ಮುಂದೆ ಎರಡೂ ಒಂದೇ ಥರ. ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕುವುದು. ಎಲ್ಲಿಯೂ ಗಂಟು ಇರಕೂಡದು. ಗಂಟು ಹಾಕುವ ಹೆಣ್ಣುಮಗಳನ್ನು ಚಿಗವ್ವ ಕಸೂತಿಯವಳೆಂದೇ ಎಣಿಸುತ್ತಿರಲಿಲ್ಲ. ಪೇಟೆಯ ವ್ಯಾಪಾರಿ ಮಾತ್ರ ಅವಳ ಕೂಲಿಯ ಬಹುಭಾಗವನ್ನು ಹೊಗಳಿಕೆಯಲ್ಲೇ ತೀರಿಸುತ್ತಿದ್ದ.

ಹೀಗಾಗಿ ಅವಳ ಸೊಸೆ ಗಿರಿಜಾ, ಕೈಯಲ್ಲಿ ಅಷ್ಟೇ ಒಳ್ಳೆಯ ಕಸೂತಿ ಇದ್ದರೂ, ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ದಿನವಿಡೀ ಅಂಗಿಯ ಬಲತೋಳನ್ನಷ್ಟೇ ಹೊಲಿಯುವುದು. ಎಡತೋಳು ಬೇರೆಯವರ ಪಾಲು. ಬಚ್ಚಲಿಗೆ ಹೋಗಬೇಕಾದರೂ ಸೂಪರ್‌ವೈಸರನ ಮುಖ ನೋಡಬೇಕು. ಜಗತ್ತೇ ಒಂದು ಹಳ್ಳಿಯಾಗಿದೆ ಎಂದು ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಹೊತ್ತಿಗೆ, ಆ ಹಳ್ಳಿಯ ಬಲತೋಳನ್ನೆಲ್ಲ ಗಿರಿಜಾ ಹೊಲಿಯುತ್ತಿದ್ದಳು.

ಆಗ ಬಂದರು ನೋಡಿ, ನ್ಯಾಯದ ವ್ಯಾಪಾರ ಮಾಡುವ ವಿದೇಶಿ ಸಂಸ್ಥೆಯೊಂದರ ಮೇಡಂ. ಒಳ್ಳೆಯ ಹೆಂಗಸು. ಸರಿಯಾದ ಕೂಲಿ ಕೊಡುತ್ತೇವೆ ಎಂದರು, ಮುಂದೆ ಕೊಟ್ಟರು ಕೂಡ. ದುಭಾಷಿ ನಾನು. ಆರ್ಡರ್ ಸಿಕ್ಕರೆ ಗಿರಿಜಾ ಕಾರ್ಖಾನೆ ಬಿಡಬಹುದು ಎಂಬುದೊಂದೇ ಚಿಗವ್ವನ ಆಸೆ. ಮೇಡಂ ಚಿಗವ್ವ ಹಾಕಿದ ದಿಂಬಿನ ಚೀಲವನ್ನು ತಿರುವಿದರು, ಮತ್ತೆ ತಿರುವಿದರು, ಮುಖ ಸಣ್ಣದು ಮಾಡಿದರು. ಇದನ್ನು ನೋಡಿದರೆ ನಮ್ಮ ಗಿರಾಕಿಗಳು ಯಂತ್ರದ್ದು ಅನ್ನುತ್ತಾರೆ, ಸ್ವಲ್ಪ ಮನುಷ್ಯರ ತಪ್ಪು ಕಾಣಲಿ ಎಂದರು.

ನಾನು ಅದನ್ನು ಹೇಳಿದಾಗ ಚಿಗವ್ವನಿಗೆ ನನ್ನ ಇಂಗ್ಲಿಷಿನ ಮೇಲೆಯೇ ಸಂಶಯ ಬಂತು.

"ಸರಿಯಾಗಿ ಕೇಳಪಾ. ತಪ್ಪು ಇರಬಾರದು ಅಂದಿರ್ತಾರ."

"ಇರಬೇಕಂತ, ಚಿಗವ್ವ. ಹಿಂದ ನಾಕು ಗಂಟೂ ಇರ್ಲಿ ಅಂತಾರ."

"ಅತ್ತಿ, ಹಾಕಿಬಿಡ್ರಿ," ಎಂದಳು ಗಿರಿಜಾ. "ನಾ ದಿನಾ ಬಲತೋಳು ಹೊಲ್ಯಾಕತ್ತೇನಿ. ಅದಕ್ಕಿಂತಾ ತಪ್ಪು ಛಲೋರಿ."

ಸೊಸೆಗಾಗಿ ಚಿಗವ್ವ ಒಪ್ಪಿದಳು. ಆದರೆ ಎಂದೂ ತಪ್ಪದ ಕೈ ತಪ್ಪುವುದಾದರೂ ಹೇಗೆ? ಅವಳು ತನಗೆ ಗೊತ್ತಿದ್ದ ರೀತಿಯಲ್ಲೇ ತಪ್ಪಿದಳು. ಎಳೆ ಎಣಿಸಿ, ಜಾಗ ಗೊತ್ತುಮಾಡಿ, ಎಲ್ಲ ಚೀಲಗಳಲ್ಲೂ ಅದೇ ತಪ್ಪನ್ನು ಅದೇ ಜಾಗದಲ್ಲಿ ಹಾಕಿದಳು. ಆ ತಪ್ಪು ಕೂಡ ಹಿಂದೆ ಮುಂದೆ ಒಂದೇ ಥರ! ಮೇಡಂ ಇಡೀ ಕಟ್ಟನ್ನು ವಾಪಸು ಕಳಿಸಿದರು. ಯಂತ್ರವಲ್ಲದೆ ಇಷ್ಟು ಒಪ್ಪವಾಗಿ ತಪ್ಪುವವರು ಯಾರು ಎಂಬುದು ಅವರ ವಾದ.

ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ನೀನ ಹಾಕು, ತಗೋ! ಅಂಗೀ ಗುಂಡಿ ಹಚ್ಚಾಕ ಬರೂದಿಲ್ಲ ನಿನಗ. ನಿನ್ನಷ್ಟು ಛಂದ ತಪ್ಪಾಕ ನಮಗ್ಯಾರಿಗೂ ಆಗೂದಿಲ್ಲ," ಎಂದು ಚಿಗವ್ವ ಸೂಜಿಯನ್ನು ನನ್ನ ಕೈಗಿತ್ತಳು. ಕಸೂತಿಯ ಚಿತ್ತಾರಗಳಲ್ಲೊಂದಾದ ಗೋಪುರವನ್ನು ನಾನು ಹಾಕಿದೆ. ಅದು ಹೊರಟ ಬಸ್ಸಿನ ಹಿಂದೆ ಓಡುವವನ ಹಾಗೆ ಮುಂದಕ್ಕೆ ಬಾಗಿತ್ತು. ತಮಾಷೆಗೆ ಫೋಟೊ ಕಳಿಸಿದರೆ ಮೇಡಂ ಕುಣಿದಾಡಿಬಿಟ್ಟರು. ಇದರಲ್ಲಿ ಜೀವವಿದೆ, ಪರಂಪರೆ ಇದೆ ಎಂದು ಬರೆದರು. ಅರ್ಥಶಾಸ್ತ್ರದಲ್ಲಿ ಎಂದೂ ಸಿಗದ ಮನ್ನಣೆ ನನಗೆ ಸಿಕ್ಕಿತು. ಚಿಗವ್ವ, ಗಿರಿಜಾ, ಓಣಿಯ ಹೆಂಗಸರು ಎಲ್ಲ ನನ್ನ ಸೊಟ್ಟ ಗೋಪುರವನ್ನು ನಡುವೆ ಇಟ್ಟುಕೊಂಡು, ಒಬ್ಬೊಬ್ಬರು ಒಂದೊಂದು ರೀತಿ ಸೊಟ್ಟ ಮಾಡುವುದನ್ನು, ಹಿಂದೆ ಗಂಟು ಹಾಕುವುದನ್ನು ಕಲಿಯಲು ಕುಳಿತರು.

ಚೀಟಿಯ ಮೇಲಿನ ಫೋಟೊಕ್ಕೆ ಮಾತ್ರ ಚಿಗವ್ವ ಬೇಕಾದಳು. ಆರ್‌ಸಿಸಿ ಮನೆ ಬೇಡವೆಂದು ಪಕ್ಕದವರ ದನದ ಕೊಟ್ಟಿಗೆಯ ಮಣ್ಣುಗೋಡೆಯ ಮುಂದೆ ಕೂರಿಸಿ, ಚಷ್ಮಾ ತೆಗೆಸಿದರು. "ಚಷ್ಮಾ ಇಲ್ದ ಸೂಜಿ ಹೆಂಗ ಕಾಣಬೇಕಪಾ?" ಎಂದಳು ಚಿಗವ್ವ. ಅದನ್ನು ನಾನು ಅನುವಾದಿಸಲಿಲ್ಲ. ಆದರೂ ಗಿರಿಜಾ ಕಾರ್ಖಾನೆ ಬಿಟ್ಟಳು. ಅವಳು ಮಧ್ಯಾಹ್ನ ತನ್ನ ಮನೆಯಲ್ಲಿ ಕಾಲು ಚಾಚಿ ಕುಳಿತು ಊಟ ಮಾಡಿದ್ದನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಇದನ್ನೆಲ್ಲ ನೆನೆದು ನಗುತ್ತ, ಮಾಲಿನಿಂದ ನೆಟ್ಟಗೆ ಚಿಗವ್ವನ ಮನೆಗೆ ಹೋದೆ. ಗಿರಿಜಾಳ ಮಗಳ ಮದುವೆ ಗೊತ್ತಾಗಿದೆ. ನಮ್ಮ ಕಡೆ ಮದುಮಗಳಿಗೆ ಕೊಡುವ ಕರೀ ಚಂದ್ರಕಾಳಿ ಸೀರೆಗೆ ಚಿಗವ್ವ ಕಸೂತಿ ಹಾಕುತ್ತಿದ್ದಳು. ಅಲ್ಲ, ಹಾಕಿದ್ದನ್ನು ಬಿಚ್ಚುತ್ತಿದ್ದಳು. ಸೆರಗಿನ ಹಿಂದೆ ಗಂಟುಗಳಿದ್ದವು.

"ಕೈ ಹೇಳಿದ್ದು ಕೇಳವಲ್ದು ನೋಡಪಾ," ಎಂದಳು. "ನಾ ಬ್ಯಾಡ ಬ್ಯಾಡ ಅಂದ್ರೂ ಗಂಟು ಹಾಕ್ತೈತಿ."

ಹೇಳಬೇಕೆಂದು ತಂದಿದ್ದ ತಮಾಷೆ ಬಾಯಲ್ಲೇ ಉಳಿಯಿತು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಇರ್ಲಿ ಬಿಡು ಚಿಗವ್ವ, ಮದಿವ್ಯಾಗ ಸೆರಗಿನ ಹಿಂದ ಯಾರು ನೋಡ್ತಾರ?" ಎಂದೆ.

ಚಿಗವ್ವ ತಲೆ ಎತ್ತಲಿಲ್ಲ.

"ನಾ ನೋಡೇನಲ್ಲ," ಎಂದು ಮುಂದಿನ ಗಂಟಿಗೆ ಸೂಜಿ ತೂರಿಸಿದಳು.