ಮಂಚದ ಕೆಳಗಿನ ಅರಿವೆಗಳು

ಕಮರಿಪೇಟೆಯ ಸತ್ಯವ್ವ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಗಿರಣಿಗೆ ಹೋದರೆ ತನ್ನ ಜೋಳದ ಹಿಟ್ಟು ಬೇರೆಯವರ ಪಾಲಾದೀತೆಂದು ಡಬ್ಬಿಯ ಮೇಲಿಟ್ಟ ಕೈ ತೆಗೆಯುತ್ತಿರಲಿಲ್ಲ. ಕೇಶ್ವಾಪುರದ ಮನೆಗಳಿಗೆ ರೊಟ್ಟಿ ಬಡಿದು ಕೊಡುವುದು ಅವಳ ಉದ್ಯೋಗ. ಆ ಮನೆಗಳ ಹೆಣ್ಣುಮಕ್ಕಳು ಯಾರಾದರೂ "ರೊಟ್ಟಿ ಛಲೋ ಆಗ್ಯಾವ ಸತ್ಯವ್ವಾ" ಎಂದು ಹೊಗಳಿದರೆ ಸಾಕು, ಇವತ್ತು ಏನೋ ಹೆಚ್ಚಿನ ಕೆಲಸ ಹಚ್ಚುತ್ತಾರೆ ಎಂದು ಹುಬ್ಬು ಗಂಟಿಕ್ಕುತ್ತಿದ್ದಳು. ಓಣಿಯವರು ಇದಕ್ಕೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆಸ್ಪತ್ರೆಯ ವಿಷಯ ಬಂದರೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಮಗಳು ಸುಕನ್ಯಾಳನ್ನು ಹಡೆಯುವಾಗ ಸತ್ಯವ್ವ ನೋವು ತಾಳದೆ ಕಿರುಚಿದ್ದಳು. ಆಯಾ ಅವಳ ತೊಡೆಯ ಮೇಲೆ ಬಾರಿಸಿ, "ಗಂಡನ ಕೂಡ ಇದ್ದಾಗ ಈ ನೋವು ಗೊತ್ತಿರಲಿಲ್ಲೇನು?" ಎಂದು ಕೇಳಿದ್ದಳು. ಹೆತ್ತ ಮೇಲೆ ಹಾಸಿಗೆಗೆ ರಕ್ತ ತಾಗಿತೆಂದು, ನೆಟ್ಟಗೆ ನಿಲ್ಲಲೂ ಆಗದವಳ ಕೈಯಿಂದ ಚಾದರ ತೊಳೆಸಿದ್ದಳು. ಓಣಿಯಲ್ಲಿ ಅವಳ ವಾರಿಗೆಯ ಹೆಂಗಸರನ್ನು ಕೇಳಿ ನೋಡಿ, ಒಬ್ಬೊಬ್ಬರದೂ ಹೀಗೊಂದು ಕತೆ. ಆಯಾ ಬೇರೆ, ಬೈಗುಳ ಅದೇ.

ಹಾಗಾಗಿ ಚೊಚ್ಚಲ ಹೆರಿಗೆಗೆ ಸುಕನ್ಯಾ ತವರಿಗೆ ಬಂದಾಗ ಸತ್ಯವ್ವ ಮಗಳಿಗೆ ಮೊದಲು ಕಲಿಸಿದ್ದು ಇದನ್ನೇ. "ಅಲ್ಲಿ ಒದರಬ್ಯಾಡ. ಯಾರರ ಕೇಳಿದ್ರ ಆರಾಮ ಅದೇನಿ ಅನ್ನು. ಹಾಸಗಿ ಹೊಲಸಾಗಿದ್ದು ಅವರಿಗೆ ಗೊತ್ತಾಗಬಾರದು. ನಾ ಇರ್ತೇನಲ್ಲ, ನಾ ನೋಡ್ಕೋತೇನಿ."

ಆದರೆ ಈಗಿನ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ತಾಯಿಯನ್ನೂ ಬಿಟ್ಟರು. "ಬರ್ರಿ ಅವ್ವಾರ, ಮಗಳ ಕೈ ಹಿಡಕೊಂಡು ನಿಂದರ್ರಿ" ಎಂದಳು ಮಾನಸಿ ಎಂಬ ನರ್ಸು. ಸತ್ಯವ್ವ, ಇಷ್ಟು ಮೆತ್ತಗೆ ಮಾತಾಡುವವಳು ಹೊಟ್ಟೆ ಕೊಯ್ಯುವುದಕ್ಕೇ ಹೊಂಚು ಹಾಕಿದ್ದಾಳೆ ಎಂದುಕೊಂಡಳು. ನೋವು ಏರಿ ಸುಕನ್ಯಾ ಬಾಯಿ ತೆರೆದಾಗ ಸತ್ಯವ್ವನೇ ಅವಳ ಬಾಯಿಗೆ ಸೆರಗು ಒತ್ತಿದಳು. "ಒದರಲಿ ಬಿಡ್ರಿ" ಎಂದಳು ಮಾನಸಿ. ಬಿಟ್ಟರೆ ತಾನೆ! ಯಾರೂ ಹೊಟ್ಟೆ ಕೊಯ್ಯಲಿಲ್ಲ. ಹೆಣ್ಣು ಕೂಸು ತಾನಾಗಿಯೇ ಹುಟ್ಟಿತು.

ವಾರ್ಡಿಗೆ ತಂದ ಮೇಲೆ ಆಸ್ಪತ್ರೆಯವರು ಬಾಣಂತಿಗೆ ಪ್ಯಾಡು ಕೊಟ್ಟರು. "ಅದರಾಗ ಏನು ತುಂಬ್ಯಾರೋ ಯಾರಿಗೆ ಗೊತ್ತು" ಎಂದು ಸತ್ಯವ್ವ ಅದನ್ನು ಬದಿಗೆ ತಳ್ಳಿದಳು. ಹಳೆಯ ಧೋತರ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿದ ಅರಿವೆಗಳನ್ನು ಮನೆಯಿಂದಲೇ ತಂದಿದ್ದಳು. ಒಂದು ತೊಯ್ದರೆ ತೆಗೆದು ಇನ್ನೊಂದು ಇಡುವುದು, ತೊಯ್ದದ್ದನ್ನು ಮಂಚದ ಕೆಳಗಿನ ಚೀಲಕ್ಕೆ ತುರುಕುವುದು. ಹೀಗೆ ಮುಂಜಾನೆಯೆಲ್ಲ ಚಾದರಕ್ಕೆ ಒಂದು ಕಲೆ ಬೀಳದಂತೆ ಕಾದಳು.

ಮಾನಸಿ ಮಂಚದ ಕಾಲ್ದೆಸೆಯಲ್ಲಿ ನಿಂತು, "ರಕ್ತ ಭಾಳ ಹೊಂಟದೇನ್ರಿ?" ಎಂದು ಕೇಳಿದಳು.

"ಇಲ್ಲರೀ, ಎಲ್ಲಾರಿಗೂ ಹೋದಂಗ" ಎಂದಳು ಸತ್ಯವ್ವ.

ಬೆಳ್ಳನೆಯ ಚಾದರ ನೋಡಿ ನರ್ಸು ಮುಂದಿನ ಮಂಚಕ್ಕೆ ಹೋದಳು. ವಾರ್ಡು ತುಂಬಿತ್ತು, ಅವಳೊಬ್ಬಳೇ ಇದ್ದಳು, ನಿಜ. ಆದರೂ ಹೊದಿಕೆ ಎತ್ತಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಹಸಿ ಬಾಣಂತಿಯ ಕ್ಷೇಮವನ್ನು ಬರೀ ಬಾಯಿಮಾತಿನಲ್ಲಿ ಕೇಳಿ ಹೋಗುವುದು ಯಾವ ಸೀಮೆಯ ಆರೈಕೆ?

ಮಧ್ಯಾಹ್ನ ಗಂಜಿ ಕುಡಿಸಲು ಹೋದಾಗ ಸುಕನ್ಯಾಳ ತುಟಿ ಬಿಳಿಚಿಕೊಂಡಿತ್ತು. ಕೈ ಮುಟ್ಟಿದರೆ ತಣ್ಣಗೆ. ಈಗಷ್ಟೇ ಇಟ್ಟ ಅರಿವೆ ತೊಯ್ದು ತೊಪ್ಪೆಯಾಗಿತ್ತು. ನರ್ಸನ್ನು ಕರೆದರೆ ಚೀಲ ತೋರಿಸಬೇಕು. ತೋರಿಸಿದರೆ ಇವರ ನಿಜವಾದ ಬಣ್ಣ ಹೊರಬೀಳುತ್ತದೆ, ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಳ್ಳುತ್ತಾರೆ. ಹೀಗೆ ಯೋಚಿಸುತ್ತ ಸತ್ಯವ್ವ ಒಂದು ಗಳಿಗೆ ನಿಂತೇಬಿಟ್ಟಳು. ಅಷ್ಟರಲ್ಲಿ ಸುಕನ್ಯಾಳ ಕಣ್ಣು ಮೇಲಕ್ಕೆ ತೇಲಿತು.

ಸತ್ಯವ್ವ ಚೀಲ ಎಳೆದುಕೊಂಡು ಓಡಿ ನರ್ಸಿನ ಮೇಜಿನ ಮುಂದೆ ಬೋರಲು ಹಾಕಿದಳು. "ಬೈರಿ, ಬೇಕಾರ ಬಡೀರಿ, ನನ್ನ ಮಗಳನ್ನ ಉಳಸ್ರಿ!" ಎಂದು ವಾರ್ಡೆಲ್ಲ ಕೇಳುವಂತೆ ಕಿರುಚಿದಳು. ನೆಲದ ಮೇಲೆ ಬಿದ್ದ ಅರಿವೆಗಳನ್ನು ನೋಡಿ ಮಾನಸಿಯ ಮುಖ ಕಪ್ಪಿಟ್ಟಿತು. ಬೈಯಲು ನಿಲ್ಲದೆ ಓಡಿದಳು. ಡಾಕ್ಟರು ಬಂದರು, ಹೊಟ್ಟೆ ಒತ್ತಿದರು, ಇಂಜೆಕ್ಷನ್ ಕೊಟ್ಟರು, ರಕ್ತ ಏರಿಸಿದರು.

ಸಂಜೆಗೆ ಮಗಳ ಮುಖಕ್ಕೆ ಕಳೆ ಬಂತು. ಸತ್ಯವ್ವ ಇನ್ನೂ ಬೈಗುಳಕ್ಕೆ ಕಾಯುತ್ತಲೇ ಇದ್ದಳು. ತಪ್ಪೆಲ್ಲ ತನ್ನ ತಲೆಗೆ ಕಟ್ಟಲು ಇವರು ಒಳಗೆ ಏನೋ ಮಾತಾಡಿಕೊಳ್ಳುತ್ತಿರಬೇಕು ಎಂಬ ಗುಮಾನಿ ಬೇರೆ. ಆದರೆ ಒಳಗಿನಿಂದ ಕೇಳಿಸಿದ್ದು, ಹೊದಿಕೆ ಎತ್ತಿ ನೋಡದ್ದಕ್ಕೆ ಡಾಕ್ಟರು ಮಾನಸಿಗೆ ಹಾಕಿದ ತರಾಟೆ.

ಸ್ವಲ್ಪ ಹೊತ್ತಿಗೆ ಮಾನಸಿ ಬಂದಳು, ಕಣ್ಣು ಕೆಂಪಗಿದ್ದವು. "ಈಗ ಹೆಂಗ ಅನಸ್ತದ ತಂಗಿ?" ಎಂದು ಕೇಳಿದಳು.

ಸುಕನ್ಯಾ ತಾಯಿಯ ಮುಖ ನೋಡಿದಳು.

"ಹೇಳವಾ. ಇವರಿಗೆ ಅಂಜಬ್ಯಾಡ, ಇವರು ಏನೂ ಅನ್ನಂಗಿಲ್ಲ" ಎಂದಳು ಸತ್ಯವ್ವ.

"ಇವರಿಗೆ ನಾ ಎಲ್ಲಿ ಅಂಜೇನಿ ಯವ್ವಾ?" ಸುಕನ್ಯಾಳ ದನಿ ತೀರ ಸಣ್ಣಗಿತ್ತು. "ಮುಂಜಾನಿಂದ ಕಣ್ಣಿಗೆ ಕತ್ತಲಿ ಬರಾಕತ್ತಿತ್ತು. ನಿನಗ ಅಂಜಿ ಸುಮ್ಮನಿದ್ದೆ."

ಸತ್ಯವ್ವ ಎದ್ದು ನರ್ಸಿಗೆ ಜಾಗ ಬಿಟ್ಟು ಗೋಡೆಗೆ ಆತು ನಿಂತಳು. ಮಾನಸಿ ಹೊದಿಕೆ ಎತ್ತಿ ನೋಡಿ ಹೋದ ಮೇಲೂ ಮಗಳ ಹತ್ತಿರ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ.