ನಿನ್ನ ಎಡಗಣ್ಣಿನ ವಿಷಯ

ನಿನ್ನ ಎಡಗಣ್ಣು ಮಂದವಾದದ್ದು ಮೊಬೈಲಿನಿಂದ ಅಲ್ಲ, ಮಗಳೇ. ನಿನಗೆ ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ — ಹೆಚ್ಚುಕಡಿಮೆ ಒಂದು ವರ್ಷ.

ನಿನಗಾಗ ಐದು. ಅಪ್ಪ ಬೋಟಿನಲ್ಲಿ, ನಾನು ಕಾಪು ಪೇಟೆಯಲ್ಲಿ ಮೀನು ಮಾರಿ ಬಂದು ಸುಸ್ತು. ಅದಕ್ಕೇ ಮೊಬೈಲಿನಲ್ಲಿ ಆ 'ಓದಿನ ಗೆಳತಿ' ಆ್ಯಪ್ ಹಾಕಿಕೊಟ್ಟೆ. ಕೃತಕ ಬುದ್ಧಿಯದ್ದು, ಕಥೆಪುಸ್ತಕದ ಪುಟಕ್ಕೆ ಮೊಬೈಲ್ ಹಿಡಿದರೆ ಮೊದಲು ತಾನು ಓದಿ, ಮತ್ತೆ ನಿನ್ನಿಂದ ಓದಿಸಿ, ಶಭಾಸ್ ಎನ್ನುತ್ತಿತ್ತು. ಸಂಜೆಯ ಭಜನೆಗಳನ್ನು ಕೇಳಿಯೇ ಕಲಿತವಳು ನೀನು. ಒಮ್ಮೆ ಕಿವಿಗೆ ಬಿದ್ದರೆ ಪುಟವಿಡೀ ಬಾಯಿಗೆ ಬರುತ್ತಿತ್ತು. ನಾನು ವಿಡಿಯೋ ಮಾಡಿ ಮುಂಬಯಿಯ ನೆಂಟರವರೆಗೂ ಡಂಗುರ ಸಾರಿದೆ.

ಒಂದು ದಿನ ಅದು, "ಈ ಪುಟ ಮೊದಲು ನೀನೇ ಓದು" ಎಂದಿತು. ನೀನು ಪುಸ್ತಕವನ್ನು ಮೂಗಿಗೆ ತಾಗಿಸಿ, ತಲೆ ಓರೆ ಮಾಡಿ — ಒಂದಕ್ಷರವೂ ಹೊರಡಲಿಲ್ಲ. ನಿನಗೆ ಅಕ್ಷರ ಕಾಣುತ್ತಿಲ್ಲವೆಂದು ನನಗೆ ಆಗಲೇ ಹೊಳೆಯಿತು. ಆದರೂ ನಿನ್ನ ಕಿವಿಯಲ್ಲಿ ಸಾಲನ್ನು ಪಿಸುಗುಟ್ಟಿದೆ. ನೀನು ಹೇಳಿದೆ. ಅದು ಶಭಾಸ್ ಎಂದಿತು. ಆಮೇಲೆ ಅದೇ ರೂಢಿಯಾಯಿತು.

ನಿನ್ನ ಟೀಚರ್ ಕರೆಸಿ ಹೇಳಿದರು: "ಅವಳಿಗೆ ಬೋರ್ಡ್ ಕಾಣುದಿಲ್ಲ ಅಂತ ಕಾಣ್ತದೆ. ಒಮ್ಮೆ ಮಣಿಪಾಲದಲ್ಲಿ ಕಣ್ಣು ತೋರಿಸಿ."

"ಎಂತ ಟೀಚರ್, ಮನೆಯಲ್ಲಿ ಎಷ್ಟು ಚಂದ ಓದ್ತಾಳೆ, ನೋಡಿ!" — ವಿಡಿಯೋ ತೋರಿಸಿದೆ. ಟೀಚರ ಬಾಯಿ ಮುಚ್ಚಿಸಿದೆನೆಂದು ನನಗೆ ಖುಷಿ. ಛೆ! ಆಗಲೂ ಕಣ್ಣು ತೋರಿಸದಿದ್ದದ್ದು ಹೆಣ್ಣುಮಗುವಿಗೆ ಕನ್ನಡಕ ಬಂತೆಂದು ಜನ ಆಡಿಕೊಂಡಾರೆಂದೋ, ನನ್ನ ಜಂಬ ಮುರಿದೀತೆಂದೋ — ಎರಡೂ ಇರಬೇಕು.

ನೀನು ಮೆಟ್ಟಿಲು ಕಾಣದೆ ಬಿದ್ದ ಮೇಲೆಯೇ ಮಣಿಪಾಲಕ್ಕೆ ಹೋದದ್ದು. ಬಲಗಣ್ಣು ಕನ್ನಡಕದಿಂದ ಸರಿಯಾದೀತು, ಎಡಗಣ್ಣಿಗೆ ತಡವಾಯಿತು, ಇನ್ನು ಪೂರ್ತಿ ಸರಿಯಾಗಲಿಕ್ಕಿಲ್ಲ ಎಂದರು ಡಾಕ್ಟರು. "ಮೊದಲೇ ಗೊತ್ತಾಗ್ಲಿಲ್ವಾ?"

"ಇಲ್ಲ" ಎಂದೆ.

ಮನೆಗೆ ಬಂದಾಗ ಅಜ್ಜಿ, "ಎಲ್ಲ ಆ ಮೊಬೈಲಿಂದ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನೀನು ಅಲ್ಲೇ ನಿಂತಿದ್ದೆ.

ಈಗ ನಿನಗೆ ಒಂಬತ್ತು. ನಿನ್ನೆ ನಿನ್ನ ತಮ್ಮ ಕಥೆ ಕೇಳಲೆಂದು ಮೊಬೈಲ್ ಹಿಡಿದಾಗ ನೀನು ಕಸಿದುಕೊಂಡು, ಅಳುತ್ತ ಹೇಳಿದೆ: "ಬೇಡ ಮಾರಾಯ. ಕಥೆ ಕೇಳಿ ಕೇಳಿ ನಾನು ಕಣ್ಣು ಹಾಳು ಮಾಡ್ಕೊಂಡದ್ದು ಸಾಲದಾ?"

ನನ್ನ ತಪ್ಪನ್ನು ಇಷ್ಟು ವರ್ಷ ನೀನು ಹೊತ್ತೆ — ನಾನು ನೋಡುತ್ತ ಕೂತೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ. ಇವತ್ತು ಅಜ್ಜಿ, ಅಪ್ಪ, ತಮ್ಮ ಎಲ್ಲರೂ ಊಟಕ್ಕೆ ಕೂತಾಗ ಇದನ್ನೆಲ್ಲ ನಿನ್ನೆದುರೇ ಹೇಳುತ್ತೇನೆ. ನೀನು ಬಟ್ಟಲು ಬಿಟ್ಟು ಎದ್ದು ಹೋದರೆ ತಡೆಯುವುದಿಲ್ಲ.